ದೇವರೇಕೆ ಮಾತನಾಡುವುದಿಲ್ಲ?



ಕಳೆದ ಅಮಾವಾಸ್ಯೆಯ ಶಿವಾನುಭವಗೋಷ್ಠಿ ಮುಗಿದ ಮೇಲೆ ಒಬ್ಬ ತಾಯಿ ಬಂದು ನಮ್ಮೆದುರು ಕುಳಿತಳು. ದುಡಿಯುವ ಮಗನನ್ನು ಕಳೆದುಕೊಂಡವಳು. "ಹನ್ನೆರಡು ದಿವಸ ದವಾಖಾನ್ಯಾಗ ಲಿಂಗಾ ಹಿಡಕೊಂಡು ಕುಂತಿದ್ದೆ ಅಜ್ಜಾರ. ದೇವರು ಒಂದ ಮಾತೂ ಆಡಲಿಲ್ಲ. ಈಗಿನ ಕಾಲಕ್ಕ ದೇವರು ಮೂಕ ಆಗ್ಯಾನೇನ್ರಿ?" ಎಂದು ಕೇಳಿದಳು. ಆ ಹೊತ್ತಿಗೆ ನಾವು ಏನೂ ಹೇಳಲಿಲ್ಲ. ಆ ಪ್ರಶ್ನೆ ಆಕೆಯೊಬ್ಬಳದೇ ಅಲ್ಲ. ನಿಮ್ಮಲ್ಲಿಯೂ ಅನೇಕರ ಎದೆಯಲ್ಲಿದೆ. ಆದುದರಿಂದ ಇಂದು ಅದನ್ನೇ ಚಿಂತನೆಗೆ ಎತ್ತಿಕೊಂಡಿದ್ದೇವೆ.

ಮೊದಲು ತಿಳಿಯಬೇಕಾದುದೆಂದರೆ, ಈ ಮೌನ ಈ ಕಾಲದ್ದಷ್ಟೇ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೇ ಕೂಡಲಸಂಗಮದೇವನನ್ನು ಕರೆದು ಕರೆದು, ಮರುನುಡಿ ಬಾರದೆ ಕೊರಗಿದ್ದುಂಟು. ಆ ಕೊರಗನ್ನು ಅವರು ವಚನಗಳಲ್ಲಿ ಮುಚ್ಚಿಡಲಿಲ್ಲ. ಕಲ್ಯಾಣದಲ್ಲಿ ಹರಳಯ್ಯ, ಮಧುವರಸರಿಗೆ ಮರಣದಂಡನೆಯಾದಾಗ ಆಕಾಶದಿಂದ ಯಾವ ವಾಣಿಯೂ ಇಳಿಯಲಿಲ್ಲ. ಶರಣರು ಅದಕ್ಕಾಗಿ ಕಾಯುತ್ತ ಕೂಡಲೂ ಇಲ್ಲ. ವಚನಗಳ ಕಟ್ಟುಗಳನ್ನು ಹೊತ್ತು ಚೆನ್ನಬಸವಣ್ಣನವರೊಡನೆ ಉಳವಿಯ ಕಾಡುದಾರಿ ಹಿಡಿದರು.

ಮುಂದೆ ಆ ವಚನಗಳು ಓಲೆಯಿಂದ ಓಲೆಗೆ ಇಳಿದು ನಮ್ಮವರೆಗೆ ಬಂದವು. ಆದರೆ ಎಷ್ಟೋ ಮನೆಗಳಲ್ಲಿ, ಮಠಗಳಲ್ಲಿಯೂ, ಆ ಕಟ್ಟುಗಳು ವಸ್ತ್ರ ಸುತ್ತಿಕೊಂಡು ಜಗುಲಿಯ ಮೇಲೆ ಕುಳಿತವು. ವಿಭೂತಿ ಹಚ್ಚಿದೆವು, ಪತ್ರಿ ಏರಿಸಿದೆವು, ಕೈಮುಗಿದೆವು, ಬಿಚ್ಚಿ ಓದಲಿಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಅವನ್ನು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, 1925ರಲ್ಲಿ ಸ್ವಂತ ಮನೆಯನ್ನು ಮಾರಿ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ನುಡಿ ಮೂಕವಾಗಿರಲಿಲ್ಲ, ನಾವು ಗಂಟು ಬಿಚ್ಚಿರಲಿಲ್ಲ.

ಇಷ್ಟಲಿಂಗದ ವಿಷಯದಲ್ಲಿಯೂ ನಾವು ಮಾಡುತ್ತಿರುವುದು ಇದನ್ನೇ ಅಲ್ಲವೇ? ಕೊರಳಲ್ಲಿ ಕರಡಿಗೆ ಇದೆ. ಅದನ್ನು ತೆರೆಯುವ ಪುರುಸೊತ್ತು ಇಲ್ಲ. ಲಿಂಗ ಬರಬೇಕಾದ ಅಂಗೈಯನ್ನು ದಿನವಿಡೀ ಫೋನು ಹಿಡಿದಿದೆ. ಎಲ್ಲರ ಮಾತನ್ನೂ ಕೇಳಿ ದಣಿದ ಕಿವಿಗೆ ದೇವರ ಮಾತು ಮಾತ್ರ ಕೂಗಿ ಕೇಳಿಸಬೇಕೆಂದರೆ ಹೇಗೆ?

ಇನ್ನೊಂದು ಮಾತು. ಲಿಂಗಕ್ಕೆ ಜಂಗಮವೇ ಬಾಯಿ ಎಂಬುದು ಶರಣರ ತಿಳಿವು. ಆ ಬಾಯಿಗೆ ಉಣಿಸುವುದು ದಾಸೋಹ. ಉಣ್ಣುವ ಬಾಯಿಯೇ ನುಡಿಯುವ ಬಾಯಿಯೂ ಹೌದು. ದೇವರು ನುಡಿಯುವುದಿದ್ದರೆ ಮನುಷ್ಯರ ಮೂಲಕವೇ ನುಡಿಯಬೇಕು.

ಆ ತಾಯಿ ಏಳುವಾಗ ನಾವು ಒಂದನ್ನು ಮಾತ್ರ ಕೇಳಿದೆವು: "ಆ ಹನ್ನೆರಡು ದಿವಸ ನಿನಗ ಊಟ ಯಾರು ಕೊಟ್ಟರವ್ವಾ?" "ಬಾಜೂ ಮನಿಯಾಕಿ ದಿನಾ ರೊಟ್ಟಿ ಕಟಗೊಂಡು ಬರತಿದ್ಲು. ಏನೂ ಮಾತಾಡತಿದ್ದಿಲ್ಲರಿ, ಸುಮ್ಮನ ಕುಂದರತಿದ್ಲು" ಎಂದಳು. ಹೇಳಿ ಸ್ವಲ್ಪ ಹೊತ್ತು ನಿಂತಳು, ಆಮೇಲೆ ಹೋದಳು.

ಇಷ್ಟರಿಂದ ಮಗ ತಿರುಗಿ ಬರುವುದಿಲ್ಲ. ಅವನೇಕೆ ಹೋದ ಎಂಬುದಕ್ಕೆ ನಮ್ಮಲ್ಲಿ ಉತ್ತರವೂ ಇಲ್ಲ. ಇದೆ ಎಂದು ಹೇಳಿದರೆ ಕಾವಿ ತೊಟ್ಟು ಸುಳ್ಳಾಡಿದಂತಾದೀತು. ಆದರೆ ಆ ಹನ್ನೆರಡು ದಿವಸ ದೇವರು ಅಲ್ಲಿರಲಿಲ್ಲವೆಂದು ನಾವು ನಂಬಲಾರೆವು.

ಇಂದು ಮನೆಗೆ ಹೋದ ಮೇಲೆ ಕರಡಿಗೆ ತೆರೆದು ಲಿಂಗವನ್ನು ಅಂಗೈಗೆ ತಂದು ಅರ್ಧ ತಾಸು ಸುಮ್ಮನೆ ಕುಳಿತುಕೊಳ್ಳಿರಿ. ಒಂದು ವಚನ ಓದಿರಿ. ನಾಳೆ ದುಃಖವಿರುವ ಒಂದು ಮನೆಯ ಬಾಗಿಲಿಗೆ ಹೋಗಿರಿ. ಅಲ್ಲಿ ಯಾರೋ ದೇವರ ಮಾತಿಗಾಗಿ ಕಾಯುತ್ತಿರಬಹುದು.