ಮನೆಯ ಮೊದಲ ಪದವೀಧರೆಯ ತಲೆನೋವು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಂದ ಕಾಲೇಜಿಗೆ ಹೋಗುವ ಹುಡುಗಿಯರಲ್ಲಿ ಪರೀಕ್ಷೆ ಹತ್ತಿರವಾದಂತೆ ಕೆಲವು ತೊಂದರೆಗಳು ಕಾಣಿಸಿಕೊಳ್ಳುತ್ತವೆ. ತಲೆನೋವು, ಎದೆಬಡಿತ, ಹೊಟ್ಟೆಸಂಕಟ, ನಿದ್ದೆಗೇಡು. ಕೆಲವರು ತರಗತಿಯಲ್ಲೇ ಕುಸಿಯುತ್ತಾರೆ. "ಏನಿಲ್ರಿ ಸಾಹೇಬ್ರ, ವೀಕ್ನೆಸ್ ಅದ, ಒಂದು ಸಲಾಯಿನ್ ಹಚ್ರಿ" ಎನ್ನುತ್ತಾಳೆ ತಾಯಿ. ಅರ್ಧ ಲೀಟರಿನ ಆ ಬಾಟಲಿಯಲ್ಲಿರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಶಕ್ತಿ ಅದರಲ್ಲಿಲ್ಲ.

ಇಂಥ ಹುಡುಗಿ ಅನೇಕ ಸಲ ದಲಿತರ ಅಥವಾ ಕೂಲಿಕಾರರ ಮನೆಯವಳು, ವಂಶದಲ್ಲೇ ಪಿಯುಸಿ ದಾಟಿದ ಮೊದಲಿಗಳು. 2011ರ ಜನಗಣತಿಯಲ್ಲಿ ಜಿಲ್ಲೆಯ ಮಹಿಳೆಯರ ಸಾಕ್ಷರತೆ ಶೇ. 55ರ ಆಸುಪಾಸಿನಲ್ಲಿತ್ತು. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಈ ಭಾಗದ ಮಕ್ಕಳಿಗೆ ಸೀಟು, ನೌಕರಿಗಳ ದಾರಿ ಅಗಲವಾಯಿತು. ಒಳ್ಳೆಯದೇ. ಆದರೆ ದಾರಿ ಅಗಲವಾದಷ್ಟೂ ಮನೆಯವರ ಆಸೆಯೂ ಬೆಳೆಯಿತು. ತಮ್ಮಂದಿರ ಓದು, ಅಪ್ಪನ ಸಾಲ ಎಲ್ಲಕ್ಕೂ ಇವಳ ನೌಕರಿಯೇ ಉತ್ತರ. ಫೇಲಾದರೆ ಮದುವೆ. ಪಾಸಾದರೂ "ಕೋಟಾದಾಗ ಬಂದಾಳ" ಎಂಬ ಮಾತು ತಪ್ಪದು. ಹೀಗಾಗಿ ಇತರರಿಗಿಂತ ಎರಡು ಪಟ್ಟು ಓದುತ್ತಾಳೆ, ಯಾರ ಮುಂದೆಯೂ ಅಳುವುದಿಲ್ಲ.

ಅಮೆರಿಕದ ಕಪ್ಪು ಮಹಿಳೆಯರಲ್ಲಿಯೂ ಇದೇ ಕಂಡುಬಂದಿದೆ. ಅಲ್ಲಿನ ನರ್ಸಿಂಗ್ ಸಂಶೋಧಕಿ ಶೆರಿಲ್ ವುಡ್ಸ್-ಜಿಸ್ಕೊಂಬೆ 2010ರಲ್ಲಿ ಇದನ್ನು 'ಸೂಪರ್‌ವುಮನ್' ಮನೋಭಾವವೆಂದು ವಿವರಿಸಿದರು: ಸದಾ ಗಟ್ಟಿಯಾಗಿ ಕಾಣಬೇಕು, ದುಃಖ ನುಂಗಬೇಕು, ಕೈಯಲ್ಲಿ ಏನಿಲ್ಲದಿದ್ದರೂ ಗೆಲ್ಲಬೇಕು. ಹೀಗೆ ನುಂಗಿದ್ದಕ್ಕೆ ದೇಹ ಬೆಲೆ ತೆರುತ್ತದೆ.

ಗಾಬರಿಯಲ್ಲಿ ಏದುಸಿರು ಬಿಟ್ಟಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತುಟಿ ಜುಮ್ಮೆನ್ನುತ್ತದೆ, ಬೆರಳು ಸೆಟೆಯುತ್ತವೆ. ಜನ ಇದನ್ನೇ "ಗಾಳಿ ಸೋಕೇದ" ಎಂದು ದರ್ಗಾ, ಗುಡಿಗೆ ಒಯ್ಯುತ್ತಾರೆ. ಮೊದಲ ಸಲ ಹೀಗಾದರೆ ವೈದ್ಯರು ನೋಡಲೇಬೇಕು. ಕಾರಣ ಇದೇ ಎಂದು ಖಚಿತವಾದ ಮೇಲೆ, ಹುಡುಗಿಯನ್ನು ಕೂಡಿಸಿ ನಿಧಾನವಾಗಿ, ಉದ್ದವಾಗಿ ಉಸಿರು ಬಿಡಿಸಿದರೆ ಸಾಕು.

ಹಾಗೆಂದು ಎಲ್ಲವನ್ನೂ ಟೆನ್ಶನ್ ಎಂದು ತಳ್ಳಿಹಾಕುವ ವೈದ್ಯರೂ ತಪ್ಪುತ್ತಾರೆ. ನಸುಕಿನಲ್ಲಿ ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತುವ ಹುಡುಗಿಗೆ ರಕ್ತಹೀನತೆಯೂ ಇರಬಹುದು. ಅದರಲ್ಲೂ ಸುಸ್ತು, ಎದೆಬಡಿತ, ಮರೆವು ಇರುತ್ತವೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಕಬ್ಬಿಣದ ಮಾತ್ರೆ ಬೇಕು. ಅದನ್ನು ಚಹಾದ ಜೊತೆ ನುಂಗಬಾರದು. ಮಲ ಕಪ್ಪಾಯಿತೆಂದು ಹೆದರಿ ಬಿಡಲೂಬಾರದು. ಪ್ರಮಾಣ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ. ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ನಮ್ಮಲ್ಲೇ ಇವೆ. ಮನೆಯಲ್ಲಿ ಕೊನೆಗೆ ಉಣ್ಣುವವಳ ತಾಟಿಗೆ ಅವು ಬೀಳುತ್ತವೆಯೇ ಎಂಬುದನ್ನು ತಾಯಂದಿರೇ ನೋಡಬೇಕು.

ಎರಡು ವಾರ ನಿದ್ದೆಯಿಲ್ಲದೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ ವೈದ್ಯರಿಗೆ ತೋರಿಸಿ. "ಸತ್ತರ ಛಲೋ" ಎಂಬ ಮಾತು ಬಂದರೆ ಅದೇ ದಿನ ಆಸ್ಪತ್ರೆಗೆ ಕರೆತನ್ನಿ, ಅಲ್ಲಿಯವರೆಗೆ ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಹಾಸ್ಟೆಲ್ ವಾರ್ಡನ್‌ಗಳು ಈ ಸಂಖ್ಯೆಯನ್ನು ಊಟದ ಕೋಣೆಯ ಗೋಡೆಯ ಮೇಲೆ ಬರೆಸಿದರೆ ಒಳಿತು.