ಚಿರತೆ ಮರಿಯಲ್ಲ, ಕಾಡುಬೆಕ್ಕು!

ಹೊಳಲ್ಕೆರೆ ಕಡೆ ಮೆಕ್ಕೆಜೋಳದ ಕಟಾವು ನಡೆದಿತ್ತು. ಎಂಟನೇ ತರಗತಿಯ ಹುಡುಗನೊಬ್ಬ ಬುಟ್ಟಿ ಹೊತ್ತು ಶಾಲೆಗೆ ಬಂದ. ‘ಸಾರ್, ಚಿರತೆ ಮರಿ!’ ಎಂದು ಮುಚ್ಚಳ ತೆಗೆದ. ಒಳಗೆ ಆಗಷ್ಟೇ ಕಣ್ಣು ಬಿಟ್ಟಿದ್ದ ಎರಡು ಮರಿಗಳು. ಮೈಮೇಲೆ ಪಟ್ಟೆ, ಚುಕ್ಕೆ ಇದ್ದುದೇನೋ ನಿಜ. ಆದರೆ ಅವು ಕಾಡುಬೆಕ್ಕಿನ ಮರಿಗಳು. ದೊಡ್ಡವಾದಂತೆ ಈ ಗುರುತು ಮಾಸಿ, ಕಾಲುಗಳಲ್ಲಿ, ಬಾಲದ ತುದಿಯಲ್ಲಿ ಮಾತ್ರ ಉಳಿಯುತ್ತದೆ. ಆಗ ಮೈಬಣ್ಣ ಒಣಹುಲ್ಲಿನದೇ. ಹುಲ್ಲಿನಲ್ಲಿ ಕೂತರೆ ಎದುರಿಗಿದ್ದವರಿಗೂ ಕಾಣದು.

ಹೆಸರಿನಲ್ಲಿ ಕಾಡಿದ್ದರೂ ಇದಕ್ಕೆ ದಟ್ಟ ಕಾಡು ಹಿಡಿಸದು. ಕುರುಚಲು, ಹುಲ್ಲುಗಾವಲು, ಕೆರೆಯಂಚಿನ ಜೊಂಡು, ಹೊಲದ ಬದು ಇದರ ನೆಲೆ. ಈಜಿಪ್ಟಿನಿಂದ ವಿಯೆಟ್ನಾಂವರೆಗೂ ಹಬ್ಬಿರುವ ಈ ಪ್ರಾಣಿಗೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗದ ಒಣಭೂಮಿ ಹೇಳಿ ಮಾಡಿಸಿದಂತಿದೆ. ಮನೆಬೆಕ್ಕಿಗಿಂತ ಉದ್ದನೆಯ ಕಾಲು, ತುದಿಯಲ್ಲಿ ಕಪ್ಪು ಕೂದಲಿನ ಸಣ್ಣ ಕುಚ್ಚಿರುವ ದೊಡ್ಡ ಕಿವಿ, ಮೊಟಕು ಬಾಲ. ಉತ್ತರ ಅಮೆರಿಕದ ಬಾಬ್‌ಕ್ಯಾಟ್‌ಗೂ ಇಂಥದೇ ಕಿವಿ, ಅದಕ್ಕಿಂತ ಮೊಟಕು ಬಾಲ. ಆದರೆ ಅದು ಲಿಂಕ್ಸ್ ಕುಲದ್ದು. ಹುಲ್ಲಿನಡಿ ಇಲಿ ಸರಿದಾಡುವ ಸದ್ದನ್ನು ಕಿವಿ ಹಿಡಿಯುತ್ತದೆ, ಉದ್ದ ಕಾಲು ಮೇಲಿಂದ ನೆಗೆಯಲು ನೆರವಾಗುತ್ತದೆ. ಟಾರ್ಚ್ ಬೆಳಕಿಗೆ ಕಣ್ಣು ಹೊಳೆಯುವುದು ಅಕ್ಷಿಪಟಲದ ಹಿಂದಿರುವ, ಕನ್ನಡಿಯಂತಹ ಪದರದಿಂದ.

ದಿನಕ್ಕೆ ಮೂರರಿಂದ ಐದು ಇಲಿಗಳನ್ನು ಇದು ತಿನ್ನುತ್ತದೆಂದು ರಾಜಸ್ಥಾನದ ಸರಿಸ್ಕಾದಲ್ಲಿ ನಡೆದ ಅಧ್ಯಯನದ ಅಂದಾಜು. ಶೇಂಗಾ ಬೆಳೆಗಾರರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಕೋಳಿ ಕದಿಯುವುದೂ ಉಂಟು, ಅದನ್ನು ಮುಚ್ಚಿಡಲಾರೆ. ಆದರೆ ಹೊಲಕ್ಕೆ ಇಟ್ಟ ಇಲಿಪಾಷಾಣ ಇಲಿಯ ಮೂಲಕ ಇದರ ಹೊಟ್ಟೆಯನ್ನೂ ಸೇರಬಲ್ಲದು. ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಸತ್ತವನ್ನು ನಾನೇ ಕಂಡಿದ್ದೇನೆ.

ಹುಡುಗನಿಗೆ ಮರಿಗಳನ್ನು ಸಾಕುವ ಆಸೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ ಎಂದೆ. ಅದಕ್ಕಿಂತ, ‘ಹಸುವಿನ ಹಾಲು ಕುಡಿಸಿದರೆ ಭೇದಿಯಾಗಿ ಸತ್ತಾವು’ ಎಂಬ ಮಾತು ಅವನಿಗೆ ನಾಟಿತು. ತಾಯಿ ಬೇಟೆಗೆ ಹೋದಾಗ ಮರಿಗಳು ಒಂಟಿಯಾಗಿರುವುದು ಸಹಜ, ಅವು ಅನಾಥವಲ್ಲ. ಸಂಜೆ ಅವನ ತಂದೆಯೂ ಜೊತೆಗೂಡಿದರು. ಎತ್ತಿದ ಜಾಗದಲ್ಲೇ ಮರಿಗಳನ್ನಿಟ್ಟೆವು. ಆ ಎರಡು ಸಾಲು ಜೋಳವನ್ನು ಅವರು ಕೊಯ್ಯದೆ ಬಿಟ್ಟರು.

ಬೆಳಿಗ್ಗೆ ಹೋದಾಗ ಮರಿಗಳಿರಲಿಲ್ಲ. ಹಸಿಮಣ್ಣಿನಲ್ಲಿ ದುಂಡನೆಯ ಹೆಜ್ಜೆಗಳು ಬದುವಿನತ್ತ ಸಾಗಿದ್ದವು. ‘ನಾಯಿಯದ್ದಿರಬಹುದಾ ಸಾರ್?’ ಎಂದ ಹುಡುಗ. ಬಗ್ಗಿ ನೋಡುವಂತೆ ಹೇಳಿದೆ. ಉಗುರಿನ ಗುರುತು ಒಂದೂ ಇರಲಿಲ್ಲ. ಬೆಕ್ಕು ನಡೆಯುವಾಗ ಉಗುರನ್ನು ಒಳಗೆಳೆದುಕೊಂಡಿರುತ್ತದೆ.