ತಲೆಯ ಮೇಲಿನ ಬೆಂಕಿ

ಬ್ರಾಯ್ಲರ್ ಎಂದೊಡನೆ ನಮ್ಮ ವಾಚಕರಿಗೆ ನೆನಪಾಗುವುದು ಕೋಳಿ. ಆದರೆ ಆ ಕೋಳಿಗೆ ಹೆಸರು ಬಂದುದೇ ಒಂದು ಅಡಿಗೆಯ ಕ್ರಮದಿಂದ. ಅಮೆರಿಕದವರ ಮಾತಿನಲ್ಲಿ ‘ಬ್ರಾಯ್ಲ್’ ಮಾಡುವುದೆಂದರೆ ಪ್ರಖರವಾದ ನೇರ ಕಾವಿಗೆ ಒಡ್ಡಿ ಸುಡುವುದು. ಹಾಗೆ ಸುಡಲು ತಕ್ಕ ಎಳೆಯ ಕೋಳಿ ಬ್ರಾಯ್ಲರ್. ಅವರ ಮನೆಗಳ ಓವನ್ನಿನ ಒಳಚಾವಣಿಯಲ್ಲಿ ಕೆಂಪಗೆ ಕಾಯುವ ಸಲಾಕೆಗೂ ಅದೇ ಹೆಸರು. ಇಂಗ್ಲೆಂಡಿನವರು ಇದನ್ನು ‘ಗ್ರಿಲ್’ ಎನ್ನುತ್ತಾರೆ. ಹೀಗಿದ್ದೂ ‘ಲಂಡನ್ ಬ್ರಾಯ್ಲ್’ ಎಂಬ ಮಾಂಸದ ಖಾದ್ಯವೊಂದು ಅಮೆರಿಕದಲ್ಲಿ ಮನೆಮಾತಾಗಿದೆ. ಆ ಹೆಸರಿಗೂ ಲಂಡನ್ನಿನ ಅಡಿಗೆಗೂ ಸಂಬಂಧವಿಲ್ಲ!

ಈ ಸಲಾಕೆಯ ಕೆಳಗೆ ಬೇಯುವ ಪದಾರ್ಥಗಳಲ್ಲಿ ಅಗ್ರಸ್ಥಾನ ಸ್ಟೇಕಿನದು. ಸ್ಟೇಕ್ ಎಂದರೆ ದನದ ಮಾಂಸದ ದಪ್ಪ ಹೋಳು. ತಿನ್ನುವುದು ಬಿಡುವುದು ಅವರವರ ಮನೆಯ ಮಾತು. ಇಲ್ಲಿ ನಮ್ಮ ಕುತೂಹಲ ಅದನ್ನು ಸುಡುವ ವಿದ್ಯೆಯಲ್ಲಿ. ಅಂಗಳವುಳ್ಳ ಅಮೆರಿಕನ್ನನು ಇದ್ದಿಲೊಲೆ ಹೂಡಿ ಸ್ಟೇಕ್ ಸುಡುತ್ತಾನೆ. ಬಹುಮಹಡಿ ಮನೆಯ ಬಾಡಿಗೆದಾರನಿಗೆ ಆ ಭಾಗ್ಯವಿಲ್ಲ. ಅನೇಕ ನಗರಗಳಲ್ಲಿ ಬಾಲ್ಕನಿಯಲ್ಲಿ ಇದ್ದಿಲು ಹೊತ್ತಿಸಲು ಅಗ್ನಿಸುರಕ್ಷೆಯ ನಿಯಮಗಳು ಬಿಡುವುದಿಲ್ಲ. ಅವನ ಪಾಲಿನ ಕೆಂಡವೆಂದರೆ ಓವನ್ನಿನೊಳಗಿನ ಈ ಸಲಾಕೆಯೇ.

ನಮ್ಮ ಒಲೆಗಳಲ್ಲಿ ಬೆಂಕಿ ಕೆಳಗೆ, ಪಾತ್ರೆ ಮೇಲೆ. ದಮ್ ಬಿರಿಯಾನಿಗೆ ಮುಚ್ಚಳದ ಮೇಲೆ ಕೆಂಡ ಹಾಕುವವರು ಮಾತ್ರ ಮೇಲಿನ ಕಾವಿನ ಗುಣವನ್ನು ಬಲ್ಲರು. ಬಿಸಿಯಾದ ಗಾಳಿ ಸದಾ ಮೇಲಕ್ಕೇ ಏರುವುದರಿಂದ ಚಾವಣಿಯ ಕಾವು ಕೆಳಗಿನ ಮಾಂಸವನ್ನು ಮುಟ್ಟುವುದು ಮುಖ್ಯವಾಗಿ ವಿಕಿರಣದಿಂದ, ಎಂದರೆ ಬಿಸಿಲು ನಮ್ಮ ಬೆನ್ನನ್ನು ಕಾಯಿಸುವ ರೀತಿಯಲ್ಲಿ. ಆದ್ದರಿಂದ ಇಲ್ಲಿ ಅಂತರವೇ ಅಧಿಕಾರಿ. ಒಂದಂಗುಲ ದಪ್ಪದ ಹೋಳನ್ನು ಸಲಾಕೆಯಿಂದ ಮೂರು ನಾಲ್ಕು ಅಂಗುಲದಷ್ಟು ಕೆಳಗಿಡುವುದು ವಾಡಿಕೆ. ಹೋಳು ಇನ್ನೂ ದಪ್ಪವಾಗಿದ್ದರೆ ಇನ್ನಷ್ಟು ಕೆಳಗೆ. ಇಲ್ಲವಾದರೆ ಮೈ ಕರಿಕಾಗಿ ಹೊಟ್ಟೆ ಹಸಿಯಾಗಿಯೇ ಉಳಿಯುತ್ತದೆ.

ಕನ್ನಡದ ‘ಸುಡು’ ಎಂಬ ಧಾತುವನ್ನು ನೋಡಿ: ಹಪ್ಪಳವನ್ನೂ ಸುಡುತ್ತೇವೆ, ಕಾಗದವನ್ನೂ ಸುಡುತ್ತೇವೆ. ಈ ಎರಡು ಅರ್ಥಗಳ ನಡುವೆ ಬ್ರಾಯ್ಲರಿನಲ್ಲಿ ಇರುವುದು ಒಂದೆರಡು ನಿಮಿಷದ ಅಂತರ ಮಾತ್ರ. ಹೊರಮೈ ಕಂದು ಬಣ್ಣಕ್ಕೆ ತಿರುಗಿ ಕಮ್ಮನೆಯ ವಾಸನೆ ಹೊಮ್ಮಬೇಕಾದರೆ ಅಲ್ಲಿನ ಕಾವು ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅಮೈನೋ ಆಮ್ಲಗಳೂ ಸಕ್ಕರೆಗಳೂ ಕಾವಿನಲ್ಲಿ ಕೂಡಿ ನಡೆಸುವ ಈ ಕ್ರಿಯೆಯನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದನು. ಆದರೆ ಮೈ ಒದ್ದೆಯಾಗಿದ್ದರೆ ನೀರು ಆವಿಯಾಗಿ ತೀರುವ ತನಕ ಕಾವು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಷ್ಟರಲ್ಲಿ ಒಳಭಾಗ ಬೆಂದು ಬಿರುಸಾಗಿರುತ್ತದೆ. ಹಾಗಾಗಿ ನಿಪುಣರು ಮೊದಲು ಮಾಂಸವನ್ನು ಕಾಗದದಿಂದ ಒತ್ತಿ ಒಣಗಿಸುತ್ತಾರೆ. ಹೊರಮೈಯನ್ನು ಥಟ್ಟನೆ ಸುಟ್ಟರೆ ರಸ ಒಳಗೇ ಬಂಧಿಯಾಗುವುದೆಂದು 1847ರಲ್ಲಿ ಜರ್ಮನಿಯ ಲೀಬಿಗ್ ಮಹಾಶಯನು ಬರೆದದ್ದನ್ನು ಇಂದಿಗೂ ನಂಬುವವರಿದ್ದಾರೆ. 1930ರ ದಶಕದ ಪ್ರಯೋಗಗಳೇ ಅದನ್ನು ಅಲ್ಲಗಳೆದಿವೆ. ಸುಟ್ಟ ಮೈ ಕೊಡುವುದು ರುಚಿಯನ್ನು, ರಕ್ಷಾಕವಚವನ್ನಲ್ಲ.

ಸುಡುವ ಮೊದಲು ಬ್ರಾಯ್ಲರನ್ನು ಚೆನ್ನಾಗಿ ಕಾಯಿಸಬೇಕು. ಕೆಲವು ವಿದ್ಯುತ್ ಓವನ್ನುಗಳಲ್ಲಿ ಬಾಗಿಲನ್ನು ತುಸು ತೆರೆದಿಡಲು ಕೈಪಿಡಿಯೇ ಹೇಳುತ್ತದೆ: ಒಳಗಿನ ಗಾಳಿ ಅತಿಯಾಗಿ ಕಾದರೆ ಸಲಾಕೆ ತಾನಾಗಿ ಆರಿಬಿಡುತ್ತದೆ. ಕೊಬ್ಬು ತೊಟ್ಟಿಕ್ಕಿ ಕೆಳಗಿಳಿಯಲೆಂದು ಸೀಳುಗಳುಳ್ಳ ಎರಡಂತಸ್ತಿನ ತಟ್ಟೆಯನ್ನು ಬಳಸುತ್ತಾರೆ. ತೊಳೆಯುವ ಶ್ರಮ ಉಳಿಯಲೆಂದು ಆ ಸೀಳುಗಳನ್ನು ಲೋಹದ ಹಾಳೆಯಿಂದ ಮುಚ್ಚುವುದು ಅಪಾಯಕರ. ಕೊಬ್ಬು ಮೇಲೆಯೇ ನಿಂತು ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ ಓವನ್ನನ್ನು ಆರಿಸಿ ಬಾಗಿಲು ಮುಚ್ಚಿಬಿಡಬೇಕು, ನೀರನ್ನಂತೂ ಎರಚಲೇಬಾರದು. ಒಂದಂಗುಲದ ಹೋಳಿಗೆ ಒಂದೊಂದು ಮಗ್ಗುಲಿಗೆ ನಾಲ್ಕರಿಂದ ಆರು ನಿಮಿಷ ಸಾಕೆನ್ನುತ್ತಾರೆ. ಆದರೆ ಓವನ್ನಿನಿಂದ ಓವನ್ನಿಗೆ ಕಾವಿನ ವ್ಯತ್ಯಾಸವಿರುವುದರಿಂದ ಗಡಿಯಾರಕ್ಕಿಂತ ಮಾಂಸದ ಪಕ್ಕದಿಂದ ಚುಚ್ಚಿ ನೋಡುವ ಉಷ್ಣಮಾಪಕವೇ ಮೇಲು.

ಈ ಉಷ್ಣಮಾಪಕ ಬರಿಯ ರುಚಿಯ ಸಾಧನವಲ್ಲ. ಕತ್ತರಿಸಿದಾಗ ಒಸರುವ ಕೆಂಪು ದ್ರವ ರಕ್ತವಲ್ಲ, ಮೈಯೋಗ್ಲೋಬಿನ್ ಎಂಬ ಪ್ರೋಟೀನು ಬೆರೆತ ನೀರು. ಒಳಗು 55 ಡಿಗ್ರಿಯಷ್ಟಾಗಿ ಕೆಂಪಾಗಿರುವುದನ್ನೇ ಮೆಚ್ಚುವವರು ಬಹಳ. ಅಮೆರಿಕದ ಕೃಷಿ ಇಲಾಖೆ ಹೇಳುವುದು 63 ಡಿಗ್ರಿ, ಆಮೇಲೆ ಮೂರು ನಿಮಿಷ ವಿಶ್ರಾಂತಿ. ಮುದುಕರು, ಮಕ್ಕಳು, ಗರ್ಭಿಣಿಯರು ಇರುವ ಮನೆಯಲ್ಲಿ ಇಲಾಖೆಯ ಮಾತೇ ಲೇಸು. ಇಡೀ ಹೋಳಿನಲ್ಲಿ ರೋಗಾಣುಗಳು ಸಾಮಾನ್ಯವಾಗಿ ಹೊರಮೈಯಲ್ಲೇ ಇರುವುದರಿಂದ ಬ್ರಾಯ್ಲರಿನ ಉರಿ ಅವನ್ನು ಕೊಲ್ಲುತ್ತದೆ. ಕೊಚ್ಚಿದ ಮಾಂಸದಲ್ಲಿ ಮೈ ಯಾವುದು, ಒಳಗು ಯಾವುದು? 1992-93ರಲ್ಲಿ ಅಮೆರಿಕದ ಪಶ್ಚಿಮ ಭಾಗದಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರುಗಳಿಂದ ನಾಲ್ಕು ಮಕ್ಕಳು ಪ್ರಾಣ ಕಳೆದುಕೊಂಡರು. ಕೊಚ್ಚಿದ ಮಾಂಸಕ್ಕೆ ಇಂದು ಹೇಳಿರುವ ಮಿತಿ 71 ಡಿಗ್ರಿ.

ಸ್ಟೇಕಿನಲ್ಲಿಯೂ ಒಂದು ಮೋಸವುಂಟು. ಅಗ್ಗದ ಬಿರುಸು ಮಾಂಸವನ್ನು ಮೃದುಗೊಳಿಸಲು ಕಾರ್ಖಾನೆಗಳಲ್ಲಿ ಸಣ್ಣ ಸೂಜಿಗಳಿಂದಲೂ ಅಲಗುಗಳಿಂದಲೂ ಚುಚ್ಚುತ್ತಾರೆ. ಆಗ ಮೈಮೇಲಿನ ರೋಗಾಣು ಒಳಕ್ಕೆ ಇಳಿಯಬಹುದು. ನೋಡುವ ಕಣ್ಣಿಗೆ ಅದು ಸಾಧಾರಣ ಹೋಳೇ. ಹೀಗೆ ಚುಚ್ಚಿದ ಹಸಿ ದನದ ಮಾಂಸದ ಪೊಟ್ಟಣದ ಮೇಲೆ ಆ ಸಂಗತಿಯನ್ನೂ ಬೇಯಿಸುವ ಕ್ರಮವನ್ನೂ ಅಚ್ಚುಮಾಡಲೇಬೇಕೆಂಬ ನಿಯಮ ಅಮೆರಿಕದಲ್ಲಿ 2016ರಲ್ಲಿ ಜಾರಿಗೆ ಬಂದಿತು. ವಿದ್ಯಾಭ್ಯಾಸಕ್ಕೋ ಉದ್ಯೋಗಕ್ಕೋ ಅಲ್ಲಿಗೆ ಹೋಗಿ, ನೆರೆಮನೆಯವರನ್ನು ನೋಡಿ ಬ್ರಾಯ್ಲರ್ ಹೊತ್ತಿಸುವ ನಮ್ಮ ತರುಣರು ಬೆಲೆಯ ಚೀಟಿಗಿಂತ ಮೊದಲು ಆ ಸಾಲನ್ನು ಓದಿಕೊಳ್ಳುವುದು ಒಳ್ಳೆಯದು.